ತೀರಿಹೋದವರಿಗೆ ಕಣ್ಣು ಬರೆಯುವ ವೆಂಕಟರವಣಪ್ಪ

ಬೆಳಗಿನ ಆರು ಗಂಟೆ. ಚಿಂತಾಮಣಿಯ ಪುಟ್ಟ ಸ್ಟುಡಿಯೋದ ಕಿಟಕಿಗೆ ಬೆಳಕು ಬರುವ ಹೊತ್ತಿಗೆ ವೆಂಕಟರವಣಪ್ಪ ಕುಂಚ ಹಿಡಿದು ಕೂತಾಗಿದೆ. ಎದುರಿಗೆ ದಿಬ್ಬೂರಹಳ್ಳಿಯ ಓಬಳಮ್ಮ. ಅವರ ತಾಯಿ ಬದುಕಿದ್ದಾಗ ಫೋಟೋ ತೆಗೆಸಿಕೊಂಡವರಲ್ಲ. ಇರುವುದು ಹೆಣ ಕೂರಿಸಿ ತೆಗೆದದ್ದೊಂದೇ. ಅದರ ಮುಚ್ಚಿದ ರೆಪ್ಪೆಗಳ ಮೇಲೆ ಇವರು ತೆರೆದ ಕಣ್ಣು ಬರೆಯಬೇಕು.

"ನಿಮ್ಮಮ್ಮನ ಕಣ್ಣು ಹೆಂಗಿತ್ತೋ ನಾ ಕಾಣೆ. ಮಗಳ ಕಣ್ಣು ನೋಡ್ಕೊಂಡು ಬರೀತೀನಿ. ಅಳಬೇಡಮ್ಮ, ಕೆಂಪಗಾದ್ರೆ ಅದೇ ಬಣ್ಣ ಬರ್ತದೆ," ಎನ್ನುತ್ತಾರೆ. ಓಬಳಮ್ಮ ನಕ್ಕುಬಿಡುತ್ತಾರೆ.

ಇಪ್ಪತ್ತಾರು ವರ್ಷದಿಂದ ಇದೇ ಕೆಲಸ, ವಾರಕ್ಕೆ ಮೂರು ನಾಲ್ಕು ಜೊತೆ ಕಣ್ಣು. ಸುತ್ತಲ ಹಳ್ಳಿಗಳ ಎಷ್ಟೋ ಗೋಡೆಗಳ ಮೇಲೆ ಇವರು ಬರೆದ ಕಣ್ಣುಗಳಿವೆ. ಒಂದರಲ್ಲೂ ಇವರ ಹೆಸರಿಲ್ಲ. ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವ ನಾನು ಇವರನ್ನು ಹುಡುಕಿ ಬಂದದ್ದೂ ಒಂದು ಸಿನಿಮಾದ ದೆಸೆಯಿಂದ.

ಹೋದ ವರ್ಷ, ತೊಂಬತ್ಮೂರರಲ್ಲಿ, ತೊಂಡೇಬಾವಿ ಹತ್ತಿರ ಅದರ ಶೂಟಿಂಗ್. ವಿಚಿತ್ರ ಕತೆ. ಸತ್ತ ಕಲಾವಿದನೊಬ್ಬ ಮನೆಗೆ ಮರಳುತ್ತಾನೆ; ಅವನು ಬರೆದ ಚಿತ್ರಗಳೆಲ್ಲ ಕಣ್ಣು ಪಿಳುಕಿಸುತ್ತ 'ನೀನ್ಯಾರು?' ಎನ್ನುತ್ತವೆ, ಕೊನೆಗೆ ಅವನದೇ ಚಿತ್ರಕ್ಕೆ ಹಾರ ಹಾಕಿ ಸುಡುತ್ತಾರೆ. ಆ ಕೊನೆಯ ಚಿತ್ರ ಬರೆದುಕೊಡುವ ಕೆಲಸ ಇವರಿಗೆ ಬಂತು. ಎದುರು ಕೂರಲು ನಟನಿಗೆ ಬಿಡುವಿಲ್ಲ. ಇವರು ಕನ್ನಡಿ ನೋಡಿಕೊಂಡು ತಮ್ಮ ಕಣ್ಣನ್ನೇ ಬರೆದರು.

ಹಾರ, ಬೆಂಕಿಯ ಸಂಗತಿ ಮನೆಗೆ ತಿಳಿದದ್ದು ಆಮೇಲೆ. ಹೆಂಡತಿ ಅನಸೂಯಮ್ಮ ಹೇಳುತ್ತಾರೆ: "ದೇವುಡಾ! ನನ್ನ ಗಂಡನ ಕಣ್ಣಿಗೆ ಬೆಂಕಿ ಇಡೋಕೆ ಬಿಡ್ತೀನಾ? ಇವ್ರು ಸ್ನಾನಕ್ಕೆ ಹೋದಾಗ ಸೀಮೆಎಣ್ಣೆ ಬಟ್ಟೇಲಿ ಎರಡೂ ಕಣ್ಣು ಒರೆಸಿ, ಚಿತ್ರಕ್ಕೆ ಮತ್ತೆ ಪಂಚೆ ಸುತ್ತಿ ಇಟ್ಟೆ."

ಸೆಟ್ಟಿನಲ್ಲಿ ಪಂಚೆ ಬಿಚ್ಚಿದಾಗ ಚಿತ್ರಕ್ಕೆ ಕಣ್ಣೇ ಇಲ್ಲ. ನಿರ್ದೇಶಕರು ಬಹಳ ಹೊತ್ತು ನೋಡಿ, "ಇದೇ ರೀ ನನಗೆ ಬೇಕಾಗಿದ್ದು!" ಎಂದು ಅಪ್ಪಿಕೊಂಡರಂತೆ.

ಗೌರಿಬಿದನೂರಿನಲ್ಲಿ ಸಿನಿಮಾ ಓಡಿದ್ದು ಎರಡೇ ದಿನ. ಕಣ್ಣಿಲ್ಲದ ಚಿತ್ರದ ಗೂಢಾರ್ಥದ ಬಗ್ಗೆ ಮಾತ್ರ ವಿಮರ್ಶಕರು ಕಾಲಂಗಟ್ಟಲೆ ಬರೆದರು. ನಾನೂ ಬರೆದೆ, ನಾಚಿಕೆಯಾಗುತ್ತದೆ. ಆ ಗೂಢಾರ್ಥ ಮಾಡಿದ ಅನಸೂಯಮ್ಮ ಈಗ ಸ್ಟುಡಿಯೋಗೇ ಮುದ್ದೆ ತಂದು ನನ್ನ ಮುಂದಿಟ್ಟು, "ತಿನ್ನಿ ಸಾರ್," ಎನ್ನುತ್ತಿದ್ದಾರೆ.

"ಬೆಂಕಿ ಹತ್ತಿದಾಗ ಇವ್ಳು ಥೇಟ್ರಲ್ಲಿ ನನ್ನ ಕೈ ಹಿಡ್ಕೊಂಡು ನಗ್ತಾ ಇದ್ಳು. ನಂಗೂ ಒಳಗೊಳಗೇ ಭಯ ಇತ್ತು ಸಾರ್, ಅವತ್ತು ಹೋಯ್ತು," ಎನ್ನುತ್ತಾರೆ ವೆಂಕಟರವಣಪ್ಪ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಕುಂಚ ಒರೆಸಿಟ್ಟು, ತಲೆ ಬಾಚಿ, ಅನಸೂಯಮ್ಮನನ್ನು ಪಕ್ಕಕ್ಕೆ ಕರೆಯುತ್ತಾರೆ.

"ಇಷ್ಟು ವರ್ಷ ಸ್ಟುಡಿಯೋದಲ್ಲಿದ್ದೂ ನಮ್ದೊಂದು ಇಲ್ಲ. ನಿಮ್ಮ ಕ್ಯಾಮೆರಾದಲ್ಲಿ ಇಬ್ರದೂ ಒಂದು ಫೋಟೋ ತೆಗೀರಿ ಸಾರ್. ಈಗ್ಲೇ, ಕಣ್ಣು ಬಿಟ್ಕೊಂಡಿರೋವಾಗ."