ಮತ್ತೆ ಬನ್ನಿ ಎನ್ನದ ಅಂಗಡಿ

ಪೂಜೆ ಸಾಮಾನು ಮಾರುವ ಗ್ರಂಥಿಗೆ ಅಂಗಡಿಯ ಮಾವನ ಬಲಗೈ ಹೆಬ್ಬೆರಳು ಸದಾ ಹಳದಿ. ಅರಿಶಿನ ತೂಗಿ ತೂಗಿ ಉಗುರಿನ ಸಂದಿಗೂ ಬಣ್ಣ ಇಳಿದಿತ್ತು. ಅದೇ ಬೆರಳಲ್ಲಿ ನನ್ನ ಲ್ಯಾಪ್‌ಟಾಪಿನ ಪರದೆ ಒತ್ತಿ, "ಇದ್ಯಾಕವ್ವ ಅಲ್ಲಾಡಕಿಲ್ಲ?" ಅನ್ನುತ್ತಿದ್ದರು. ಇದು ಬೆರಳಿಗೆ ಅಲ್ಲಾಡುವ ಜಾತಿಯದಲ್ಲ ಮಾವ ಎಂದು ಹೇಳಿ ಹೇಳಿ ಸಾಕಾಗಿ, ಒರೆಸುವ ಬಟ್ಟೆಯನ್ನೇ ಜೊತೆಗಿಟ್ಟುಕೊಂಡೆ.

ಕೆ.ಆರ್.ಪೇಟೆಯಲ್ಲಿ ಅವರ ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು ನಾನು ಬೇರೆಯವರಿಗೆ ವೆಬ್‌ಸೈಟು ಮಾಡಿಕೊಡುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಕರೆದು ಕರೆದು ಮಾವನಾದರು, ಅವರ ಹೆಂಡತಿ ಅತ್ತೆಯಾದರು.

ಗಿರಾಕಿಯ ಮೊದಲ ಮಾತು ಕೇಳುವವರೆಗೆ ಮಾವ ಬಾಯಿ ತೆರೆಯುತ್ತಿರಲಿಲ್ಲ. ಗೃಹಪ್ರವೇಶ ಅಂದರೆ, "ಹಾಲುಕ್ಸೋರ್ಯಾರು, ಸೊಸೇನಾ ಮಗಳಾ?" ಎಂದು ಕಾಲೆಳೆಯುತ್ತಿದ್ದರು. ಹಾಲುತುಪ್ಪ ಅಂದರೆ ಮಾತ್ರ ರೇಡಿಯೊ ಆರಿಸಿಬಿಡುತ್ತಿದ್ದರು. ಸತ್ತವರ ಗುಡ್ಡೆಗೆ ಮೂರನೆಯ ದಿನ ಹಾಲುತುಪ್ಪ ಬಿಡುವ ಶಾಸ್ತ್ರ ನಮ್ಮ ಕಡೆಯದು. ಯಾರು, ಏನಾಗಿತ್ತು, ಒಂದನ್ನೂ ಕೇಳರು. ಸಾಮಾನು ಕಟ್ಟಿ ಎರಡೂ ಕೈಯಲ್ಲಿ ಕೊಟ್ಟು ಸುಮ್ಮನೆ ನಿಲ್ಲುವರು. "ಮದ್ವೆ ಮನೆ ಮಾತ ಮಸಣದಲ್ಲಿ ಆಡಬಾರ್ದು ಕಣವ್ವ" ಅನ್ನುವುದು ಅವರ ಮಾತು.

ಪಾಂಡವಪುರ, ನಾಗಮಂಗಲದವರೂ ಫೋನಿನಲ್ಲೇ ತರಿಸಿಕೊಳ್ಳಲಿ ಎಂದು ಅಂಗಡಿಗೊಂದು ವೆಬ್‌ಸೈಟು ಮಾಡಿದೆ. ತೆರೆದ ಕೂಡಲೇ ದೀಪ ಹಿಡಿದು ನಗುವ ಹೆಂಗಸು, ಕೆಳಗೆ 'ನಿಮ್ಮ ಸಂಭ್ರಮಕ್ಕೆ ನಾವಿದ್ದೇವೆ'. ಮಾವ ಬಹಳ ಹೊತ್ತು ನೋಡಿದರು.

"ಸತ್ತ ಮನೆಯೋರ್ಗೂ ಇವ್ಳು ಇಂಗೇ ಅಲ್ಲು ಕಿರೀತಾಳಾ?"

ನಾನು ವಿವರಿಸಿದೆ. ಜನ ಏನನ್ನೋ ಹುಡುಕಿದಾಗ ಮೇಲೆ ನಮ್ಮ ಜಾಹೀರಾತು ಬರುತ್ತದೆ. ಅದನ್ನು ಒತ್ತಿ ಬಂದರೆ, ಯಾವ ಪದ ಹಿಡಿದು ಬಂದರು ಅನ್ನುವುದೂ ಅವರ ಜೊತೆಯಲ್ಲೇ ಬರುತ್ತದೆ. ಪದ ನೋಡಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಪುಟ ತೋರಿಸಬಹುದು.

"ಅಂಗಾದ್ರೆ ಮೊದ್ಲ ಮಾತು ಅದ್ಕೂ ಕೇಳುಸ್ತದೆ ಅನ್ನು" ಎಂದರು. ಮುಖ ಅರಳಿತು.

ಗೃಹಪ್ರವೇಶ ಎಂದು ಹುಡುಕಿದವರಿಗೆ ನಗುವ ಹೆಂಗಸೇ ಉಳಿದಳು. ಹಾಲುತುಪ್ಪ ಎಂದು ಬಂದವರಿಗೆ ಚಿತ್ರವಿಲ್ಲದ ಬಿಳಿ ಪುಟ. ಮೇಲೆ ಮಾವ ಹೇಳಿ ಬರೆಸಿದ ಒಂದೇ ಸಾಲು: 'ಊರು ಹೇಳಿ ಸಾಕು, ಸಾಮಾನು ಬರುತ್ತೆ.' ಅದರ ಕೆಳಗೆ ಸಾಮಾನುಗಳ ಹೆಸರು, ಊರು ಮತ್ತು ಫೋನ್ ನಂಬರು ಬರೆಯಲು ಜಾಗ.

ಒಂದು ಬೆಳಿಗ್ಗೆ ಸಿಂಧಘಟ್ಟದಿಂದ ಫೋನು ಬಂತು. ಆರ್ಡರು ಕೊಟ್ಟ ಮೇಲೆ ಬರುವ ಕೊನೆಯ ಪುಟ ಎಲ್ಲರಿಗೂ ಒಂದೇ ಆಗಿತ್ತು: 'ಧನ್ಯವಾದ, ಮತ್ತೆ ಬನ್ನಿ.' ಸಾವಿನ ಮನೆಯಿಂದ ಹೊರಡುವಾಗ 'ಬರ್ತೀನಿ' ಅಂತಲೂ ಹೇಳದ ಜನ ನಾವು. ಮಾವ ಫೋನನ್ನು ಸ್ಪೀಕರಿಗೆ ಹಾಕಿದ್ದರು, ಆ ಕಡೆ ಒಬ್ಬ ಗಂಡಸು.

"ಮತ್ತೆ ಬನ್ನಿ ಅಂತೀರಲ್ಲ ಸಾಮಿ, ಅವ್ವನ್ನ ಕಳ್ಕಂಡು ಕೂತಿವ್ನಿ. ಇನ್ಯಾರು ಸಾಯ್ಲಿ ಅಂತ ಬರ್ಲಿ?"

ಮಾವ ಎದ್ದು ನಿಂತರು. ಆ ಕಡೆಯವನಿಗೆ ಕಾಣುವುದಿಲ್ಲ, ಆದರೂ ನಿಂತರು. "ತಪ್ಪಾಯ್ತು ಕಣಪ್ಪ. ಬರ್ಬ್ಯಾಡಿ. ಈ ಸಾಮಾನ್ಗೆ ನಮ್ಮಂಗ್ಡಿಗೆ ಇನ್ನೊಂದ್ಸಲ ಬರ್ಬ್ಯಾಡಿ."

"ಊಂ, ಬರಾಕಿಲ್ಲ ಬುಡಿ" ಎಂದು ಆತ ಅತ್ತುಬಿಟ್ಟ.

ಸಾಮಾನನ್ನು ಮಾವ ತಾವೇ ಸ್ಕೂಟರಿನಲ್ಲಿ ಒಯ್ದು ಕೊಟ್ಟು ಬಂದರು. ಹಾಲುತುಪ್ಪದವರ ಕೊನೆಯ ಪುಟದಲ್ಲಿ ಆ ಸಾಲಿನ ಬದಲು ಏನು ಬರೆಯಲಿ ಎಂದು ಕೇಳಿದೆ.

"ಏನೂ ಬ್ಯಾಡ. ಖಾಲಿ ಬುಡು."

ಏನೂ ಇಲ್ಲದಿದ್ದರೆ ಆರ್ಡರು ಹೋಯಿತೋ ಇಲ್ಲವೋ ತಿಳಿಯುವುದಿಲ್ಲ ಎಂದು ವಾದಿಸಿದೆ. "ನಾನ್ ಫೋನ್ ಮಾಡ್ತೀನಿ ಬುಡು" ಅಂದರು. ಮಾಡುತ್ತಲೂ ಇದ್ದರು.

ಮೊನ್ನೆ ಮಾವ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಒಯ್ಯುವಾಗ ನಾಗಮಂಗಲದ ದಾರಿಯಲ್ಲೇ ಜೀವ ಹೋಯಿತು. ನಾನು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ನೀರು ಕೊಟ್ಟೆ, ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದೆ. ಮೈಯೆಲ್ಲ ಜೋಮು ಹಿಡಿದ ಕಾಲಿನ ಹಾಗಿತ್ತು. ಮಣ್ಣಾದ ಮಾರನೆಯ ದಿನ ಅತ್ತೆ ಬೀಗದ ಕೈ ಕೊಟ್ಟು, "ನಾಳೀಕೆ ಹಾಲುತುಪ್ಪ. ಸಾಮಾನು ನೀನೇ ಕಟ್ಕೊಂಡ್ ಬಾವ್ವ" ಎಂದರು.

ಬಾಗಿಲು ತೆಗೆದೆ. ಕರ್ಪೂರ, ಊದುಗಡ್ಡಿ, ಅರಿಶಿನದ ವಾಸನೆ. ಏನೇನು ಕಟ್ಟಬೇಕು ಎಂಬುದೇ ನೆನಪಾಗಲಿಲ್ಲ. ಫೋನು ತೆಗೆದು 'ಹಾಲುತುಪ್ಪ ಸಾಮಾನು' ಎಂದು ಹುಡುಕಿದೆ. ಎಲ್ಲಕ್ಕಿಂತ ಮೇಲೆ ನಮ್ಮದೇ ಜಾಹೀರಾತು. ಒತ್ತಿದೆ. 'ಊರು ಹೇಳಿ ಸಾಕು, ಸಾಮಾನು ಬರುತ್ತೆ.' ಒಂದೊಂದೇ ಹೆಸರು ಓದಿಕೊಂಡು ಕಟ್ಟಿದೆ. ಯಾಕೋ ಗೊತ್ತಿಲ್ಲ, ಊರಿನ ಜಾಗದಲ್ಲಿ ಕೆ.ಆರ್.ಪೇಟೆ ಎಂದೂ ಕೆಳಗೆ ನನ್ನ ನಂಬರನ್ನೂ ಬರೆದು ಆರ್ಡರಿನ ಗುಂಡಿಯನ್ನೂ ಒತ್ತಿಬಿಟ್ಟೆ.

ಖಾಲಿ ಪುಟ ಬಂತು. ಮಾವ ಖಾಲಿ ಬಿಡಿಸಿದ್ದ ಪುಟ. ಯಾರೂ ಏನೂ ಕೇಳಲಿಲ್ಲ, ಏನೂ ಹೇಳಲಿಲ್ಲ. ಆ ಎರಡು ದಿನದಲ್ಲಿ ನನಗೆ ಸಮಾಧಾನ ಸಿಕ್ಕಿದ್ದು ಅಲ್ಲೊಂದೇ ಕಡೆ. ನೋಡುತ್ತಾ ನಿಂತೆ. ಅವರ ಫೋನು ಬರಲಿಲ್ಲ.

ದಿನಾ ಸಂಜೆ ಮೆಟ್ಟಿಲಿಳಿದು, "ಬರ್ತೀನಿ ಮಾವ" ಎಂದು ಹೋಗುತ್ತಿದ್ದವಳು ನಾನು. ಅಂದು ಸಾಮಾನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಏನೂ ಹೇಳದೆ ಹೊರಟೆ.