ನಾಲ್ಕರಲ್ಲಿ ಒಂದು ಸುಕ್ಕುಗಾಳು

ಅದು ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿ, ಶಿವರಾತ್ರಿ ಮುಗಿದ ಮೇಲಿನ ಶುಕ್ರವಾರ. ಬೆಳಿಗ್ಗೆ ರೊಟ್ಟಿ ಬಡಿದು ಬುತ್ತಿ ಕಟ್ಟಿದೆ. ನನ್ನ ಗಂಡ ಲಕ್ಕಪ್ಪ ಗಬ್ಬೂರಿನಲ್ಲಿ ಶಾಲೆಯ ಸಿಪಾಯಿ. ಮರುದಿನ ಶಾಲೆ ನೋಡಲು ಸಾಹೇಬರು ಬರುವವರಿದ್ದರು. ಗೋಡೆಗೆ ಸುಣ್ಣ ಬಳಿಯಬೇಕಿತ್ತು. ಹೊರಡುವಾಗ ಅವರು ಬಟ್ಟೆಯ ಚೀಲ ಕಟ್ಟಿದ ಜೋಳದ ತೆನೆಯೊಂದನ್ನು ನನ್ನ ಕೈಗೆ ಕೊಟ್ಟರು.

"ದುರಗೀ, ಇದನ್ನ ಉದುರಿಸಿ ಡಬ್ಬ್ಯಾಗ ಹಾಕಿಡು. ಬ್ಯಾರೆ ಕಾಳು ಕೂಡಸಬ್ಯಾಡ."

"ನಾ ಏನ್ ಸಣ್ಣ ಕೂಸೇನ್ರಿ?"

"ಕೂಸಾಗಿದ್ರ ಹೇಳಿದ್ದು ಕೇಳ್ತಿದ್ದಿ," ಎಂದು ನಕ್ಕು ಹೋದರು.

ಆ ತೆನೆಯಲ್ಲಿ ಅವರ ಎರಡು ವರ್ಷದ ಕೆಲಸವಿತ್ತು. ಮೊದಲು ಅವರು ಧಾರವಾಡದ ಹತ್ತಿರ ಸರಕಾರಿ ಹೊಲದಲ್ಲಿ ಕೂಲಿ ಇದ್ದರು. ಒಂದು ಜೋಳದ ಹೂವಿನ ಪುಡಿಯನ್ನು ಇನ್ನೊಂದಕ್ಕೆ ಹಚ್ಚಿ ಬೀಜ ಮಾಡುವುದನ್ನು ಅಲ್ಲೇ ಕಲಿತರು. ಓದು ಬರುತ್ತಿರಲಿಲ್ಲ, ಕೈ ಬಹಳ ಸೂಕ್ಷ್ಮ. ಶಾಲೆಯ ಹಿಂದಿನ ತುಂಡು ನೆಲದಲ್ಲಿ ರೊಟ್ಟಿಯ ಜೋಳಕ್ಕೆ ಸೀತನಿ ಜೋಳವನ್ನು ಕೂಡಿಸಿದರು. ಸೀತನಿ ಜೋಳ ಹಸಿ ಇದ್ದಾಗ ಸುಟ್ಟು ತಿಂದರೆ ಸಿಹಿ. ಒಣಗಿದರೆ ಕಾಳು ಸುಕ್ಕಾಗುತ್ತದೆ. ಕೂಡಿಸಿದ ಮೊದಲ ವರ್ಷ ಎಲ್ಲ ಕಾಳೂ ದುಂಡಗೆ ಬಂದವು. ಅವನ್ನು ಮತ್ತೆ ಬಿತ್ತಿದರು. ಹುಳ ಬಿದ್ದು ಒಂದೇ ಗಿಡ ಉಳಿಯಿತು. ಬೇರೆ ಹೂವಿನ ಪುಡಿ ತಾಗದಂತೆ ಅದರ ತೆನೆಗೆ ಚೀಲ ಕಟ್ಟಿದರು, ಬಿಚ್ಚಿ ನೋಡಲಿಲ್ಲ. ಅದರ ತೆನೆಯಲ್ಲಿ ಮೂರು ದುಂಡು ಕಾಳಿಗೆ ಒಂದು ಸುಕ್ಕುಗಾಳು ಬರಬೇಕು, ಮಕ್ಕಳು ತಮ್ಮ ಕೈಯಿಂದಲೇ ಎಣಿಸಿ ಕಾಣಬೇಕು ಎಂಬುದು ಅವರ ಆಸೆ. ಸಾಹೇಬರಿಗೆ ಹಿಡಿಸಿದರೆ ಶಾಲೆಗೆ ಅರ್ಧ ಎಕರೆ ಹೊಲ ಸಿಗುತ್ತಿತ್ತು. ಅಲ್ಲಿ ಮಕ್ಕಳಿಗೆ ಕಲಿಸುವ ಕೆಲಸ ಅವರದೇ ಆಗುತ್ತಿತ್ತು.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದವರು ಶಾಲೆಯ ಏಕನಾಥ ಮಾಸ್ತರು, ಆಮೇಲೆ. ಅಂದು ನನಗೆ ಗೊತ್ತಿದ್ದುದು ತೆನೆ ಉದುರಿಸುವುದೊಂದೇ.

ಉದುರಿಸಿದೆ. ಮೊರಕ್ಕೆ ಹಾಕಿ ಕೇರಿದೆ. ಸುಕ್ಕುಗಾಳು ಬಹಳ ಇದ್ದವು. ಸಾಹೇಬರು ನೋಡುವ ಜೋಳ ಹೀಗಿರಬಾರದು ಎಂದು ಒಂದೊಂದಾಗಿ ಆರಿಸಿ ತೆಗೆದೆ. ಒಂದು ಹಿಡಿ ಆದವು. ಕೋಳಿಗೆ ಚೆಲ್ಲಿದೆ. ಅವರು ಕತ್ತಲಾದ ಮೇಲೆ ದಣಿದು ಬಂದರು, ಡಬ್ಬಿ ತೆಗೆದು ನೋಡಲಿಲ್ಲ.

ಮರುದಿನ ಶಾಲೆಯಲ್ಲಿ ಮಕ್ಕಳು ಚಾಪೆಯ ಮೇಲೆ ಕಾಳು ಹರವಿದರು. ಎಷ್ಟು ಹುಡುಕಿದರೂ ಸುಕ್ಕುಗಾಳು ಸಿಗಲಿಲ್ಲ. "ಲಕ್ಕಪ್ಪ, ಗಂಟಿ ಛಲೋ ಹೊಡೀತಿ. ಅದನ್ನ ಮಾಡು," ಎಂದು ಸಾಹೇಬರು ಎದ್ದು ಹೋದರಂತೆ.

ಸಂಜೆ ನನ್ನ ಗಂಡ ಮನೆಯ ಕಟ್ಟೆಯ ಮೇಲೆ ಕುಳಿತರು. ಊಟಕ್ಕೆ ಏಳಲಿಲ್ಲ.

"ನನ್ನ ಕೈಯಾಗ ತಪ್ಪೈತಿ. ಎಲ್ಲಿ ತಪ್ಪೈತಿ ತಿಳೀವಲ್ದು," ಎಂದರು. ಸ್ವಲ್ಪ ಹೊತ್ತಿಗೆ, "ದುರಗೀ, ನೀ ಏನರ ತಗದಿಯೇನು?"

"ಇಲ್ರಿ," ಎಂದೆ.

ಬೈಯುತ್ತಾರೆಂದು ಹೆದರಲಿಲ್ಲ. ಅವರು ಬೈಯುವವರಲ್ಲ. ಆ ಮುಖ ನೋಡಿ ನಿಜ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಭಾನುವಾರ ನಸುಕಿನಲ್ಲಿ ಅವರಿಗೆ ಜ್ವರ ಬಂತು. ಚಕ್ಕಡಿಯಲ್ಲಿ ಹುಬ್ಬಳ್ಳಿಯ ದವಾಖಾನೆಗೆ ಒಯ್ದೆವು. ಜ್ವರದಲ್ಲಿ ಬೆರಳು ಆಡಿಸುತ್ತಿದ್ದರು, ಹೂವಿನಿಂದ ಏನೋ ಕೀಳುವ ಹಾಗೆ. ಕಿವಿಯ ಹತ್ತಿರ ಬಾಗಿ ಎಲ್ಲವನ್ನೂ ಹೇಳಿದೆ. ಎರಡು ಸಲ ಹೇಳಿದೆ. ಕೇಳಿಸಿತೋ ಇಲ್ಲವೋ. ಬುಧವಾರ ತೀರಿಹೋದರು.

ಮನೆಗೆ ಬಂದ ಏಕನಾಥ ಮಾಸ್ತರ ಮುಂದೆ ಹೇಳಿಬಿಟ್ಟೆ.

"ಸುಕ್ಕುಗಾಳು ಆರಿಸಿ ಹಸನ ಮಾಡಿದ್ಯಾ?" ಎಂದರು.

"ಹೂನ್ರಿ ಮಾಸ್ತರ. ಅವ್ರ ಕೈಯಾಗ ಏನೂ ತಪ್ಪಿರಲಿಲ್ರಿ. ನಾನ ತಗದೇನಿ."

"ದುರಗವ್ವ, ಡಬ್ಬಿ ಸಾಲ್ಯಾಗ ಅದ. ಆ ದುಂಡು ಕಾಳಿನ್ಯಾಗೂ ಸೀತನಿ ಅಡಗಿರ್ತದ ಅಂತ ನಿನ್ನ ಗಂಡ ನನಗ ಹೇಳಿದ್ದ. ಬಿತ್ತಿ ನೋಡೂಣು."

ಮಹಾನವಮಿಯ ಮುಂದೆ ಬಿತ್ತಿದೆ. ನನ್ನ ಗಂಡನ ಧೋತರ ಹರಿದು ಚೀಲ ಹೊಲಿದು ತೆನೆಗೆ ಕಟ್ಟಿದೆ. ಒಣಗಿದ ತೆನೆಯನ್ನು ಮನೆಗೆ ತರಲಿಲ್ಲ, ಶಾಲೆಯಲ್ಲೇ ಮಕ್ಕಳ ಎದುರು ಉದುರಿಸಿದೆ. ಕೆಲವು ತೆನೆಯಲ್ಲಿ ಬರೀ ದುಂಡು ಕಾಳು. ಹೆಚ್ಚಿನವುಗಳಲ್ಲಿ ಎರಡೂ ಇದ್ದವು. ಸಂಗವ್ವ ಎಂಬ ಹುಡುಗಿ ಅಂಥ ಒಂದು ತೆನೆ ಎಣಿಸಿದಳು.

"ಮುನ್ನೂರಾ ಆರು ದುಂಡು, ತೊಂಬತ್ತೆಂಟು ಸುಕ್ಕು. ನಾಕರಾಗ ಒಂದು ಬಂತ್ರಿ ಮಾಸ್ತರ. ಲಕ್ಕಪ್ಪಕಾಕಾ ಹೇಳಿದ್ದು ಖರೇ ಐತಿ."

ನಾನು ಹೊರಗೆ ಹೋಗಿ ನಿಂತೆ. ಒಂದು ವರ್ಷ ಮೊದಲು ಒಂದು ಮಾತು ಆಡಿದ್ದರೆ ಅವರು ಇದನ್ನು ತಿಳಿದುಕೊಂಡಾದರೂ ಹೋಗುತ್ತಿದ್ದರು.

ಮಾಸ್ತರು ಸಾಹೇಬರಿಗೆ ಕಾಗದ ಬರೆದರು. ಉತ್ತರ ಬರಲಿಲ್ಲ, ಹೊಲವೂ ಬರಲಿಲ್ಲ. ಆ ತುಂಡು ನೆಲದಲ್ಲೇ ಪ್ರತಿ ವರ್ಷ ಬಿತ್ತುತ್ತೇವೆ, ಮಕ್ಕಳು ಎಣಿಸುತ್ತಾರೆ. ಶಾಲೆಯ ಕಸ ಹೊಡೆಯುವ ಕೆಲಸ ನನಗೆ ಕೊಟ್ಟಿದ್ದಾರೆ. ಬೆಳಿಗ್ಗೆ ಎದ್ದು ಹೋಗಿ ಚಾಪೆ ಕೊಡವುತ್ತೇನೆ. ಸಂದಿಯಲ್ಲಿ ಸಿಕ್ಕ ಕಾಳು ಬೀಳುತ್ತವೆ. ಕುಕ್ಕರಗಾಲಲ್ಲಿ ಕುಳಿತು ಎರಡೂ ತರದವನ್ನು ಮಣ್ಣಿನಿಂದ ಆರಿಸಿ ಡಬ್ಬಿಗೆ ಹಾಕುತ್ತೇನೆ. ಆಮೇಲೆ ನೀರು ತರಲು ಹೋಗುತ್ತೇನೆ.