ಕೊಬ್ಬರಿ ಎಣ್ಣೆ ಕುಡಿದ ರಿವಾಲ್ವರು

ನಿಮ್ಮ ರಿವಾಲ್ವರಿಗೆ ಕೊಬ್ಬರಿ ಎಣ್ಣೆ ಬಿಟ್ಟವಳು ನಾನು. ಅವತ್ತು ತುಮ್ಮನಟ್ಟಿಯಲ್ಲಿ ಅದು ಸಿಡಿಯದೆ ಹೋದದ್ದು ಆ ಎಣ್ಣೆಯಿಂದ. ನಿಮ್ಮ ಬೆರಳು ಎಳೆದಿತ್ತು — ಪೂರ್ತಿ ಎಳೆದಿತ್ತು. ನನಗೆ ಅದು ಅವತ್ತೇ ಗೊತ್ತಿತ್ತು. ಹೇಳಲಿಲ್ಲ.

ಬರೆದುಬಿಟ್ಟೆ. ಇನ್ನು ಅಳಿಸುವುದಿಲ್ಲ. ಅಳಿಸುವ ಗುಂಡಿ ಎಲ್ಲಿದೆ ಎಂದು ಮೊಮ್ಮಗಳು ಕಾವ್ಯ ತೋರಿಸಿಕೊಟ್ಟಾಗಿನಿಂದ ಉಳಿದೆಲ್ಲ ಅಕ್ಷರಗಳಿಗಿಂತ ಅದನ್ನೇ ಹೆಚ್ಚು ಒತ್ತಿದ್ದೇನೆ. ನೀವು ಅಂಗಳದಲ್ಲಿ ಬಿಸಿಲು ಕಾಯಿಸುತ್ತಾ ಪೇಪರು ಹಿಡಿದು ಕೂತಿದ್ದೀರಿ. ಇವಳು ಯಾರಿಗೋ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಿದ್ದಾಳೆ ಎಂದುಕೊಂಡಿದ್ದೀರಿ. ಮುಖ ನೋಡಿದರೇ ತಿಳಿಯುತ್ತದೆ.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರ ಮಾಡಬೇಡಿ. ಇದು ನಿಮ್ಮೊಬ್ಬರಿಗಲ್ಲ, ಮನೆಯವರೆಲ್ಲ ಇರುವ ಗುಂಪಿಗೆ. ನಿಮ್ಮ ಮರ್ಯಾದೆ ಹೋದದ್ದು ಊರೆದುರಿಗೆ. ನಾನು ಒಪ್ಪಿಕೊಳ್ಳುವುದು ಮಾತ್ರ ಅಡುಗೆಮನೆಯೊಳಗೆ, ಮೆತ್ತಗೆ — ಅದು ಸರಿಯಲ್ಲ.

ಆಗ ನೀವು ಸಬ್ ಇನ್ಸ್‌ಪೆಕ್ಟರ್. ಆಯುಧಪೂಜೆಯ ದಿನ ಮನೆಯ ಕಬ್ಬಿಣವೆಲ್ಲ ದೇವರ ಮುಂದೆ ಕೂತಿತ್ತು. ಟೀ ಗಿಡ ಕವಾತು ಮಾಡುವ ಕತ್ತಿ, ಗುದ್ದಲಿ, ಕುಡುಗೋಲು, ನನ್ನ ಹೊಲಿಗೆ ಮೆಷಿನ್ನು. ಎಲ್ಲವನ್ನೂ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಸವರಿ, ವಿಭೂತಿ ಹಚ್ಚುವುದು ನಮ್ಮತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ನೀವು ಗುಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು, ರಿವಾಲ್ವರನ್ನು ಕುಡುಗೋಲಿನ ಪಕ್ಕ ಇಟ್ಟು ಸ್ನಾನಕ್ಕೆ ಹೋದಿರಿ. ಉಳಿದವೆಲ್ಲ ಫಳಫಳ ಹೊಳೆಯುತ್ತಿದ್ದವು. ಅದೊಂದು ಮಾತ್ರ ತಲೆಗೆ ಎಣ್ಣೆ ಕಾಣದ ಅನಾಥ ಮಗುವಿನ ಹಾಗೆ. ಮುಟ್ಟಬಾರದು ಎಂದು ನೀವು ನೂರು ಸಲ ಹೇಳಿದ್ದಿರಿ. ಹೇಳಿದ್ದಕ್ಕೇ ಇರಬೇಕು, ಕೈ ಸುಮ್ಮನಿರಲಿಲ್ಲ. ಮೇಲೆ ಸವರಿದ್ದು ಸಾಲದೆ ತಿರುಗುವ ಉರುಳೆಯ ಸಂದಿಗೆ, ಹಿಂದೆ ಬಡಿಯುವ ಕೊಕ್ಕೆಯ ಬುಡಕ್ಕೆ, ಕಂಡ ಕಂಡ ತೂತಿಗೆಲ್ಲ ತೊಟ್ಟು ತೊಟ್ಟಾಗಿ ಬಿಟ್ಟೆ. ಪಾಪ, ಕುಡೀಲಿ ಎಂದು.

ಅಲ್ಲಿಗೇ ನಿಲ್ಲಿಸಿದ್ದರೆ — ಆದರೆ ಸ್ವಲ್ಪ ದಿನ ಕಳೆದು ನೀವು ಅದನ್ನು ತಿರುವಿ ನೋಡಿ ಹೇಳಿದಿರಿ:

“ನಮ್ಮ ಆರ್ಮರರ್ ಈಗ ಬುದ್ಧಿ ಕಲ್ತಿದಾನೆ ಕಣೇ. ಈ ಮಂಜಲ್ಲೂ ಒಂದ್ ಚೂರು ತುಕ್ಕಿಲ್ಲ ನೋಡು.”

“ಓಹೋ, ಅವರಿಗೆ ಸಂಬಳ ಜಾಸ್ತಿ ಮಾಡೋಕೆ ಹೇಳ್ರೀ,” ಎಂದೆ ನಾನು. ಒಳಗೆ ನಗು ತಡೆಯಲಾಗಲಿಲ್ಲ. ಕೆಲಸ ನನ್ನದು, ಹೆಸರು ಸ್ಟೇಷನ್ನಿನ ಬಂದೂಕು ನೋಡಿಕೊಳ್ಳುವ ಅವನದು. ಆಮೇಲೆ ನೀವು ಅದನ್ನು ಬೀರುವಿನಲ್ಲಿಟ್ಟು ಸ್ನಾನಕ್ಕೆ ಹೋದಾಗಲೆಲ್ಲ ನನ್ನ ಗುಟ್ಟಿನ ಸೇವೆ ನಡೆಯಿತು. ನೀವು ತುಮ್ಮನಟ್ಟಿಗೆ ಹೋದ ಹಿಂದಿನ ಸಂಜೆಯೂ.

ನಮ್ಮ ಊಟಿ ಬೆಟ್ಟದ ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ ಎಂದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಮಾರ್ಗಳಿ ತಿಂಗಳಲ್ಲಿ, ಆ ಧನುರ್ಮಾಸದ ಚಳಿಯಲ್ಲಿ, ಬಾಟಲಿಯನ್ನು ಒಲೆಯ ಪಕ್ಕ ಇಟ್ಟುಕೊಂಡೇ ನಾವು ತಲೆಗೆ ಹಚ್ಚುವುದು. ನನಗೂ ಗೊತ್ತಿತ್ತು. ಬಾಟಲಿಯ ಎಣ್ಣೆಯ ವಿಷಯ ಗೊತ್ತಿದ್ದವಳಿಗೆ ರಿವಾಲ್ವರಿನ ಹೊಟ್ಟೆಯೊಳಗಿನ ಎಣ್ಣೆಯೂ ಅದೇ ಎಂದು ಹೊಳೆಯಲಿಲ್ಲ. ಅಷ್ಟೇ. ಅಷ್ಟಕ್ಕೇ ಒಬ್ಬನ ಕೈ ಹೋಯಿತು.

ಅವತ್ತು ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದ ಹಾಗೆ ಹಿಮ ಬಿದ್ದಿತ್ತು. ತುಮ್ಮನಟ್ಟಿಯಲ್ಲಿ ಕ್ಯಾರೆಟ್ ಮೂಟೆ ಇಡುವ ಶೆಡ್ಡಿನೊಳಗೆ ಕರಡಿ ಸೇರಿಕೊಂಡಿದೆ, ಕೆಲಸಕ್ಕೆ ಬಂದ ಹೆಂಗಸರು ಸುತ್ತ ನಿಂತಿದ್ದಾರೆ ಎಂದು ಫೋನು ಬಂತು. ಅರಣ್ಯದವರು ಇನ್ನೂ ದಾರಿಯಲ್ಲಿದ್ದರು. ನೀವೂ ಕಾನ್‌ಸ್ಟೇಬಲ್ ಮಣಿಯೂ ತೆರೆದ ಜೀಪಿನಲ್ಲಿ ಆ ಗಾಳಿಯಲ್ಲಿ ಹೋದಿರಿ. ಮಣಿ ಹೆಂಗಸರನ್ನು ಹಿಂದಕ್ಕೆ ತಳ್ಳುತ್ತಿದ್ದಾಗ ಶೆಡ್ಡಿನ ತಗಡು ಕಿತ್ತುಕೊಂಡು ಕರಡಿ ನೇರ ಅವನ ಮೇಲೆ ಬಿತ್ತು. ಅವನ ಕೂಗನ್ನು ನಿಮ್ಮ ಬಾಯಲ್ಲಿ ಕೇಳಿದ್ದೇನೆ, ನಿಮ್ಮ ನಿದ್ದೆಯಲ್ಲೂ ಕೇಳಿದ್ದೇನೆ —

“ಸುಡುಂಗ ಅಯ್ಯಾ! ಸುಡುಂಗ!”

ಗುಂಡು ಹಾರಿಸಿ ಎಂದು ಅವನು ಕೂಗಿದ. ನೀವು ಎಳೆದಿರಿ. ಕೊಕ್ಕೆ ಮೇಣದಲ್ಲಿ ಹೂತ ಹಾಗೆ ಮೆತ್ತಗೆ ಬಿತ್ತು. ಮತ್ತೆ ಎಳೆದಿರಿ. ಅದೇ. ಆಮೇಲೆ ನೀವು ಮಾಡಿದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ — ಅದೇ ರಿವಾಲ್ವರನ್ನು ತಿರುಗಿಸಿ ಹಿಡಿದು, ಹತ್ತಿರ ಹೋಗಿ, ಕರಡಿಯ ಮೂತಿಗೆ ಹೊಡೆದಿರಿ, ಅದು ಮಣಿಯನ್ನು ಬಿಡುವವರೆಗೂ ಹೊಡೆದಿರಿ. ಜನಕ್ಕೆ ಉಳಿದದ್ದು ಒಂದೇ ಮಾತು. ಎಸ್‌ಐ ಕೈಲಿ ಬಂದೂಕಿತ್ತು, ಹಾರಿಸಲಿಲ್ಲ.

ಮಣಿ ಬದುಕಿದ. ಅವನ ಬಲಗೈ ಮಾತ್ರ ಆಮೇಲೆ ಒಂದು ಲೋಟವನ್ನೂ ಹಿಡಿಯಲಿಲ್ಲ.

ಸಂಜೆ ಮನೆಗೆ ಬಂದು ಒಲೆಯ ಮುಂದೆ ಕೂತು ಹೇಳಿದಿರಿ, “ಒಳಗೇನೋ ಹಿಡ್ಕೊಂಡ ಹಾಗಿತ್ತು ಕಣೇ. ಕೊಕ್ಕೆ ಓಡ್ಲೇ ಇಲ್ಲ.” ನಿಮ್ಮ ಭುಜದ ಪಕ್ಕದಲ್ಲೇ, ಒಲೆಕಟ್ಟೆಯ ಮೇಲೆ, ಎಣ್ಣೆಯ ಬಾಟಲಿ. ಮೇಲುಗಡೆ ಇನ್ನೂ ಬೆಳ್ಳಗೆ ಗಟ್ಟಿ, ತಳದಲ್ಲಿ ಆಗತಾನೇ ಕರಗುತ್ತಿತ್ತು. ನೋಡಿದೆ. ನೋಡಿದ ಕ್ಷಣಕ್ಕೇ ನನಗೆ ತಿಳಿದುಹೋಯಿತು. ಹೇಳಬೇಕಾದ ಹೊತ್ತು ಅದೇ. ನಾನು ಹೇಳಿದ್ದು, “ಕಾಫಿ ತರ್ತೀನಿ.”

ರಿವಾಲ್ವರನ್ನು ಬಯಲುಸೀಮೆಗೆ ಕೊಂಡುಹೋಗಿ ಪರೀಕ್ಷೆ ಮಾಡಿದರು. ಅಲ್ಲಿನ ಬಿಸಿಲಿಗೆ ಎಣ್ಣೆ ನೀರಾಗಿರಬೇಕು. ಒಂದು ಗುಂಡೂ ತಪ್ಪದೆ ಸಿಡಿಯಿತಂತೆ. ಮೇಲಧಿಕಾರಿ ಎಲ್ಲರೆದುರು ಹೇಳಿದ ಮಾತನ್ನು ನೀವೇ ಬಂದು ಹೇಳಿದಿರಿ:

“ತುಪಾಕಿ ಚೆನ್ನಾಗೇ ಇದೆಯಂತೆ. ನನ್ನ ಬೆರಳೇ ಭಯಕ್ಕೆ ಪೂರ್ತಿ ಎಳೀಲಿಲ್ವಂತೆ.”

ಮೊದಮೊದಲು ‘ಅಂತೆ’ ಎನ್ನುತ್ತಿದ್ದಿರಿ. ವರ್ಷ ಕಳೆದ ಹಾಗೆ ಆ ‘ಅಂತೆ’ ಬಿದ್ದುಹೋಯಿತು. ನೀವೇ ನಂಬಿದಿರಿ. ಕಣ್ಣಾರೆ ಕಂಡದ್ದನ್ನು, ಕೈಯಾರೆ ಮಾಡಿದ್ದನ್ನು ಬಿಟ್ಟು ಅವರ ಮಾತನ್ನು ನಂಬಿದಿರಿ. ಅದು ಆಗುವುದನ್ನು ನಾನು ಪಕ್ಕದಲ್ಲೇ ಕೂತು, ಬೀನ್ಸ್ ಮುರಿಯುತ್ತಾ ನೋಡಿದೆ.

ಹೇಳದೆ ಇದ್ದದ್ದು ಯಾಕೆ? ಸರ್ಕಾರಿ ಆಯುಧವನ್ನು ಹೆಂಡತಿ ಮುಟ್ಟಿದಳೆಂದರೆ ನಿಮ್ಮ ನೌಕರಿಗೇ ಸಂಚಕಾರ ಎಂದು ಹೆದರಿದೆ. ಅದು ನಿಜ. ಆದರೆ ಅದು ಮೊದಲ ವಾರದ ನಿಜ. ಆಮೇಲೆ ನಿಮ್ಮನ್ನು ಊಟಿಯ ಕಚೇರಿಯಲ್ಲಿ ಫೈಲು ನೋಡಲು ಕೂರಿಸಿದರು. ನೀವು ಕುಗ್ಗಿಹೋದಿರಿ. ನಾನು — ನನಗೆ ಅದು ಹಿತವಾಯಿತು.

ಈ ಸಾಲನ್ನು ಬರೆದು ಅಳಿಸಿದೆ. ಮತ್ತೆ ಬರೆದಿದ್ದೇನೆ. ದಿನಾ ಸಂಜೆ ಗಂಡ ಕೈಕಾಲು ನೆಟ್ಟಗೆ ಮನೆಗೆ ಬರುತ್ತಾನೆ. ಮಸಿನಗುಡಿಯ ಕಾಡಿಗೆ, ಗೂಡಲೂರಿನ ಗಲಾಟೆಗೆ ಯಾರೂ ಕರೆಯುವುದಿಲ್ಲ. ಬಾಗಿಲ ಸದ್ದಿಗೆ ಎದೆ ಹೊಡೆದುಕೊಳ್ಳುವುದಿಲ್ಲ. ನಿಮ್ಮ ಮಾನದ ಮೇಲೆ ತಲೆಯಿಟ್ಟು ನಾನು ಸುಖವಾಗಿ ನಿದ್ದೆ ಮಾಡಿದೆ. ಮಣಿಯ ಹೆಂಡತಿ ಅವನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಾಳೆ ಎಂದು ಕೇಳಿದ ದಿನವೂ ನಿದ್ದೆ ಬಂತು.

ಈಗ ಯಾಕೆ ಬಾಯಿಬಿಟ್ಟೆ ಎಂದರೆ, ಹೋದ ವಾರದ ಮಾತು. ಪೊಲೀಸು ಪರೀಕ್ಷೆಗೆ ಕೂರುತ್ತೇನೆ ಎಂದು ಕಾವ್ಯ ನಿಮ್ಮ ಮುಂದೆ ಕುಣಿಯುತ್ತಾ ಬಂದಳು. ನೀವು ತಟ್ಟೆಯಿಂದ ತಲೆ ಎತ್ತದೆ ಹೇಳಿದಿರಿ:

“ಬೇಡಮ್ಮಾ. ನಮ್ಮ ರಕ್ತದಲ್ಲಿ ಆ ಧೈರ್ಯ ಇಲ್ಲ.”

ಕಾವ್ಯ ನನ್ನ ಕಡೆ ತಿರುಗಿದಳು. “ಹೆತ್ತೆ, ನೀನಾದ್ರೂ ಹೇಳು.”

ಈ ಮನೆಯಲ್ಲಿ ಎಲ್ಲಕ್ಕೂ ಒಂದು ಕುಚೋದ್ಯದ ಉತ್ತರ ಇಟ್ಟುಕೊಂಡಿರುವ ಹೆತ್ತೆ, ಅವಳ ಅಜ್ಜಿ, ಅವತ್ತು ಸಾರು ಬಡಿಸಿದಳು. ಪರೀಕ್ಷೆಗೆಂದು ದಿನಾ ಓಡುತ್ತಿದ್ದ ಹುಡುಗಿ ಮಾರನೆಯ ಬೆಳಗ್ಗೆ ಓಡಲು ಹೋಗಲಿಲ್ಲ. ಇನ್ನೂ ಹೋಗಿಲ್ಲ. ಒಂದು ಸುಳ್ಳು ಮೂರನೆಯ ತಲೆಮಾರಿಗೂ ಇಳಿಯುವುದನ್ನು ಕಣ್ಣೆದುರೇ ಕಂಡೆ. ಕಾವ್ಯ, ಇದನ್ನು ಓದುತ್ತಿದ್ದರೆ ಕೇಳು. ನಿನ್ನ ತಾತ ಸಿಡಿಯದ ರಿವಾಲ್ವರು ಹಿಡಿದು ಕರಡಿಯ ಹತ್ತಿರಕ್ಕೆ ಹೋದವರು. ದೂರಕ್ಕೆ ಓಡಿದವರಲ್ಲ.

ನಾಳೆ ಕೂಕಲ್ತೊರೈಗೆ, ಮಣಿಯ ಮನೆಗೆ ಹೋಗುತ್ತೇನೆ. ಅವನಿಗೆ ಫೋನಿನಲ್ಲಿ ಹೇಳುವುದಿಲ್ಲ, ಆ ಕೈಯನ್ನು ನೋಡಿಕೊಂಡೇ ಹೇಳಬೇಕು. ಒಳಗೆ ಕರೆಯದಿದ್ದರೆ ಹೊಸ್ತಿಲಾಚೆ ನಿಂತು ಹೇಳುತ್ತೇನೆ. ನೀವು ಬರುತ್ತೀರೋ ಬಿಡುತ್ತೀರೋ ನಿಮಗೆ ಸೇರಿದ್ದು. ನನ್ನ ಪರವಾಗಿ ಮಾತ್ರ ಮಾತಾಡಬೇಡಿ.

ಕ್ಷಮಿಸಿ ಎಂದು ಬರೆಯಲು ‘ಕ್ಷ’ ಒತ್ತಿದರೆ ಸಾಕು, ಈ ಫೋನು ಉಳಿದದ್ದನ್ನು ತಾನೇ ಮುಗಿಸಿ, ಕೈಮುಗಿದ ಗೊಂಬೆಯನ್ನೂ ಮುಂದಕ್ಕೆ ಚಾಚುತ್ತದೆ. ಅಷ್ಟು ಸುಲಭಕ್ಕೆ ಸಿಗುವುದು ನನಗೆ ಬೇಡ.

ಈಗ ಕಳಿಸುತ್ತೇನೆ. ಕಳಿಸಿ, ಅಂಗಳಕ್ಕೆ ಬಂದು ನಿಮ್ಮ ಎದುರಿಗೇ ಕೂರುತ್ತೇನೆ. ಕನ್ನಡಕ ಹಾಕಿಕೊಂಡು, ನಿಧಾನವಾಗಿ ಓದಿ. ನೀವು ತಲೆ ಎತ್ತಿ ನನ್ನ ಮುಖ ನೋಡುವವರೆಗೂ ನಾನು ಏಳುವುದಿಲ್ಲ.